ಒಂದು ವೀಳ್ಯದ ದೂರ

ನಮ್ಮನ್ನೆಲ್ಲ ಹೊತ್ತು ದಣಿಯದವಳು, ತುಳಿದರೂ ಮುನಿಯದವಳು, ಆ ನೆಲದಮ್ಮನಿಗೆ ಮೊದಲು ಕೈಮುಗಿದು ಈ ಮಾತು ಶುರುಮಾಡಬೇಕು. ಅವಳ ಮಡಿಲಲ್ಲಿ ಒಂದು ಊರಿತ್ತು. ಊರಿನ ಹೆಸರು ಅವಳಿಗೆ ಗೊತ್ತು, ಅಷ್ಟು ಸಾಕು.

ಊರಿನ ನಡುವೆ ಅವಳದೇ ಗುಡಿ. ಗುಡಿಯ ಒಳಗೋಡೆಗೆ ಸುಣ್ಣ ಬಳಿದು, ಕೆಮ್ಮಣ್ಣಿನಲ್ಲಿ ಊರಿನ ನಕ್ಷೆ ಬರೆದಿದ್ದರು. ಮಧ್ಯದಲ್ಲಿ ಗುಡಿ, ಪಕ್ಕದಲ್ಲಿ ಕೆರೆ, ಗಂಡಸರು ಕೂರುವ ಕಟ್ಟೆ, ಆಮೇಲೆ ಹೊಲ, ಹೊಲದಾಚೆ ಚುಕ್ಕಿ ಇಟ್ಟ ಹಾಗೆ ಸುತ್ತಲ ಹಳ್ಳಿಗಳು. ವರ್ಷಕ್ಕೆ ಒಂದು ದಿಕ್ಕಿನಂತೆ ಆ ಹಳ್ಳಿಗಳನ್ನು ಅಳೆಯುತ್ತಿದ್ದರು. ಅಳತೆಯ ದಿನ ಅಳತೆಗಾರ ನಸುಕಿಗೇ ಮಿಂದು, ಒದ್ದೆ ಪಂಚೆಯಲ್ಲಿ, ಖಾಲಿ ಹೊಟ್ಟೆಯಲ್ಲಿ ದೇವಿಯ ಮುಂದೆ ನಿಲ್ಲುವನು. ಪೂಜಾರಿ ಅವನ ಅಂಗೈಗಳನ್ನು ತೆರೆಸಿ ನೋಡುವನು.

"ಕೈ ಬರಿದೋ?"

"ಬರಿದು."

"ಹೆಗಲು ಬರಿದೋ?"

"ಬರಿದು."

"ನಡೆ ಹಾಗಾದರೆ. ಅಮ್ಮನ ಮೈ ಅಳೆದು ಬಾ."

ಅಳತೆಗಾರ ಒಂದು ವೀಳ್ಯ ಮಡಿಚಿ ಬಾಯಿಗಿಟ್ಟು ಹೊರಡುವನು. ಯಾರೊಡನೆಯೂ ಮಾತಾಡುವಂತಿಲ್ಲ, ಎಲ್ಲಿಯೂ ಕೂರುವಂತಿಲ್ಲ. ಎಲೆಯ ರಸ ಮುಗಿಯುವುದರೊಳಗೆ ಹಳ್ಳಿಯ ಗಡಿಕಲ್ಲು ಮುಟ್ಟಿದರೆ ಅದು ಒಂದು ವೀಳ್ಯದ ದೂರ. ಇನ್ನೊಂದು ಎಲೆ ಬೇಕಾಯಿತೋ, ಎರಡು ವೀಳ್ಯ. ತೀರಾ ಹತ್ತಿರದ್ದಾದರೆ ವೀಳ್ಯವೇ ಬೇಡ. ದಿಣ್ಣೆಯ ಮೇಲೆ ನಿಂತು ಒಂದು ಕೂಗು ಹಾಕುವನು, ಆಚೆಯಿಂದ ಓಗೊಟ್ಟರೆ ಅದು ಕೂಗಳತೆ. ಮುಟ್ಟಿ ಬಂದು ಗೋಡೆಯ ಮೇಲೆ ಚುಕ್ಕಿಯನ್ನು ಹೊಸದಾಗಿ ತೀಡುವನು. ಅಲ್ಲಿಗೆ ಅಳತೆ ಮುಗಿಯಿತು.

ಆ ಊರಲ್ಲಿ ನಡೆಯುತ್ತಿದ್ದ ಕಟ್ಟಳೆ ಒಂದೇ ಒಂದು. ಸಂಜೆ ಎಲ್ಲ ಮನೆಗಳ ಒಲೆ ಹೊತ್ತಿ, ಎಲ್ಲ ಮಾಡುಗಳ ಮೇಲೂ ಹೊಗೆ ಕಂಡ ಮೇಲೆಯೇ ದೇವಿಗೆ ದೀಪ. ಒಲೆಯನ್ನು ಆ ಮನೆಯ ಸೊಸೆಯೇ ಹಚ್ಚಬೇಕು. ಸೊಸೆ ಎರಡು ವೀಳ್ಯ ದಾಟಿದ ದೂರದ ಊರಿಗೆ ಹೋಗಿದ್ದರೆ ಅವಳ ಪರವಾಗಿ ಯಾರು ಬೇಕಾದರೂ ಹಚ್ಚಬಹುದು, ಅವಳು ರಾತ್ರಿ ಉಳಿದು ಬರಬಹುದು. ಹತ್ತಿರದ ಊರಿಗಾದರೆ ಉಳಿಯುವ ಮಾತಿಲ್ಲ. ಹೋಗಿ, ಕಂಡು, ಬಂದು ಹಚ್ಚಬೇಕು. ದೂರದ ದಾರಿಗಳಿಗೆ ಅರವಟ್ಟಿಗೆ, ನೆರಳಿನ ಮರ, ಹೊರೆ ಇಳಿಸುವ ಕಲ್ಲು. ಹತ್ತಿರದ ದಾರಿಗೆ ಅವೆಲ್ಲ ಯಾತಕ್ಕೆ?

ಯಾರೂ ಯಾರಿಗೂ ಹೋಗಬೇಡ ಎನ್ನುತ್ತಿರಲಿಲ್ಲ. "ಹತ್ತಿರವೇ ಇದೆಯಲ್ಲ," ಎನ್ನುತ್ತಿದ್ದರು, ಅಷ್ಟೇ. ಗೋಡೆಯ ಮೇಲೆ ಸೊಸೆಯರ ಬಂಧುಬಳಗವೆಲ್ಲ ಹತ್ತಿರವೇ ಇತ್ತು.

ಅಳತೆಗಾರನ ಹೆಂಡತಿಗೆ ಒಬ್ಬಳು ಅಕ್ಕ. ಹೆತ್ತವಳು ಹೆರಿಗೆಯಲ್ಲೇ ದೇವಿಯ ಪಾದ ಸೇರಿದ್ದಳು. ಸಾಕಿದವಳು, ತಲೆ ಬಾಚಿದವಳು, ಅತ್ತರೆ ಸೊಂಟಕ್ಕೆತ್ತಿಕೊಂಡು ಅಂಗಳ ಸುತ್ತಿದವಳು ಅಕ್ಕ. ಹಾಗಾಗಿ ಅಳತೆಗಾರನ ಹೆಂಡತಿಯನ್ನು ನಾವೂ ತಂಗಿ ಎಂದೇ ಕರೆಯೋಣ. ಅಕ್ಕ ಮೂಡಲ ಹಳ್ಳಿಯ ಸೊಸೆ. ಗೋಡೆಯ ಮೇಲೆ ಗುಡಿಗೂ ಮೂಡಲ ಹಳ್ಳಿಗೂ ನಡುವೆ ಒಂದು ಅಂಗೈ ಇಡಬಹುದಾದಷ್ಟು ಜಾಗ. ಒಂದು ವೀಳ್ಯದ ದೂರ. ತಂಗಿ ಪೂಜೆಗೆ ಹೋದಾಗಲೆಲ್ಲ ಯಾರೂ ಕಾಣದ ಹಾಗೆ ಆ ಜಾಗದ ಮೇಲೆ ಅಂಗೈ ಇಟ್ಟು ಬರುತ್ತಿದ್ದಳು. ಮದುವೆಯಾದ ಮೇಲೆ ಅವಳು ಅಕ್ಕನನ್ನು ಕಂಡಿರಲಿಲ್ಲ.

ಹೋಗಲಿಲ್ಲವೆಂದಲ್ಲ. ಹೋದಳು, ಎಷ್ಟೋ ಸಲ ಹೋದಳು. ಬೆಳಗಿನ ಕೆಲಸ ಮುಗಿಸಿ, ಕೂಸನ್ನು ಸೊಂಟಕ್ಕೇರಿಸಿ, ಅಕ್ಕನಿಗೆಂದು ಬುತ್ತಿಗಂಟು ತಲೆಯ ಮೇಲಿಟ್ಟು, ದಾರಿಯಲ್ಲಿ ನೀರಿಲ್ಲವಲ್ಲ ಎಂದು ತಂಬಿಗೆ ಹಿಡಿದು ಹೊರಡುವಳು. ಕಟ್ಟೆಯ ಮುಂದಿನ ದಾರಿ ನೆಟ್ಟಗಿತ್ತು; ಆದರೆ ಕಟ್ಟೆಯ ಮೇಲೆ ಗಂಡಸರು. ಬೇಲಿಯ ಹಿಂದಿನಿಂದ, ಕೆರೆಯ ಏರಿ ಬಳಸಿ, ಕಣದ ಹಿಂಬದಿಯಿಂದ ಸುತ್ತಬೇಕು. ಕೂಸು ಅತ್ತರೆ ಕೂತು ಹಾಲೂಡಬೇಕು. ಗಂಟು ಇಳಿಸಿದರೆ ಮತ್ತೆ ಎತ್ತಿಕೊಡಲು ಯಾರಾದರೂ ಬರಬೇಕು. ದಿಣ್ಣೆ ಹತ್ತಿ ನಿಲ್ಲುವ ಹೊತ್ತಿಗೆ ಅವಳ ನೆರಳು ಅವಳಿಗಿಂತ ಉದ್ದವಾಗಿರುತ್ತಿತ್ತು. ದಿಣ್ಣೆಯ ಕೆಳಗೆ ಕಣಿವೆ. ಕಣಿವೆಯಾಚೆ ಎಲ್ಲೋ ಒಂದೆಳೆ ಹೊಗೆ. ಅದು ಅಕ್ಕನ ಒಲೆಯದ್ದೇ ಇರಬೇಕು ಎಂದುಕೊಳ್ಳುವಳು. ಆಮೇಲೆ, ತಾನು ತಡಮಾಡಿದರೆ ದೇವಿ ಕತ್ತಲಲ್ಲಿ ಕೂರಬೇಕಲ್ಲ ಎಂದು ನೆನಪಾಗಿ, ಹಿಂದಿರುಗಿ ಓಡುವಳು.

ಅವಳು ಬಂದು ಕಾಲು ತೊಳೆದು ಒಲೆ ಹಚ್ಚುವಾಗ ಅತ್ತೆ ಕೇಳುವಳು, "ಹೋಗಿ ಬಂದ್ಯಾ?"

"ಹೋಗಿ ಬಂದೆ ಅತ್ತೆ."

"ಒಂದು ವೀಳ್ಯದ ದೂರಕ್ಕೆ ಇಡೀ ದಿನ ಬೇಕಾಯ್ತಾ ಮಹರಾಯ್ತಿ? ನಮ್ಮ ಕಾಲದಲ್ಲಿ ಹಾಲು ಒಲೆ ಮೇಲಿಟ್ಟು ಹೋದ್ರೆ, ಉಕ್ಕೋದ್ರೊಳಗೆ ಬಂದುಬಿಡ್ತಿದ್ವಿ."

ತಂಗಿ ತಲೆ ತಗ್ಗಿಸುವಳು. ಕೆರೆಯ ಮೆಟ್ಟಿಲಲ್ಲಿ ಬಟ್ಟೆ ಒಗೆಯುವಾಗ ಉಳಿದ ಹೆಂಗಸರೂ ಹಾಗೆಯೇ ಹೇಳುತ್ತಿದ್ದರು. ಒಬ್ಬಳು ಪಡುವಲ ಹಳ್ಳಿಗೆ ಹೋಗಿ ಬಂದಳಂತೆ, ಇನ್ನೊಬ್ಬಳು ತೆಂಕಲಿಗೆ. "ಹೋಗಿ ಬಂದೆ ಕಣೇ," "ನಾನೂ ಹೋಗಿ ಬಂದೆ." ಹೇಳಿ ಎಲ್ಲರೂ ಬಟ್ಟೆಯನ್ನು ಕಲ್ಲಿಗೆ ಸ್ವಲ್ಪ ಜೋರಾಗಿಯೇ ಬಡಿಯುವರು. ತಂಗಿಯೂ ಹೇಳುವಳು, ಅವಳೂ ಬಡಿಯುವಳು. ಎಲ್ಲರ ಕಾಲಿಗೂ ಆಗುವುದು ನನ್ನ ಕಾಲಿಗೆ ಮಾತ್ರ ಆಗುವುದಿಲ್ಲವಲ್ಲ, ತಾಯೀ, ಎಂಥ ಸೋಮಾರಿ ಕಾಲು ಕೊಟ್ಟೆ ನನಗೆ ಎಂದು ಒಳಗೊಳಗೇ ದೇವಿಯ ಹತ್ತಿರ ಅಳುವಳು.

ಹೀಗಿರುವಾಗ ಉಪ್ಪು ಮಾರುವವಳು ಬಂದಳು. ಅವಳಿಗೆ ಮನೆಯಿಲ್ಲ, ಒಲೆಯಿಲ್ಲ. ಹಾಗಾಗಿ ಯಾವ ಕಟ್ಟಳೆಯೂ ಇಲ್ಲ. ಕತ್ತಲಾದಲ್ಲಿ ಮಲಗುವಳು, ಬೆಳಗಾದ ಮೇಲೆ ಮೂಟೆ ಹೊತ್ತು ನಡೆಯುವಳು. ಉಪ್ಪು ಅಳೆಯುತ್ತ ಮೆಲ್ಲಗೆ ಹೇಳಿದಳು, "ಮೂಡಲ ಹಳ್ಳಿಯಿಂದ ನಿಂಗೊಂದು ಮಾತು ಬಂದಿದೆ ಕಣವ್ವ."

ತಂಗಿಯ ಕೈಯಲ್ಲಿದ್ದ ಮೊರ ನಿಂತಲ್ಲೇ ನಿಂತಿತು.

"ನಿಮ್ಮಕ್ಕಂಗೆ ಕಣ್ಣು ಮಂಜಾಗ್ತಾ ಇದೆ. ಸಂಜೆಯಾದ್ರೆ ಪೂರ್ತಿ ಕತ್ತಲು. ಹಗಲು ಹೊತ್ತು ಒಂದಿಷ್ಟು ಕಾಣುತ್ತೆ, ಅದೂ ಎಳೆ ಬಿಸಿಲಿದ್ದಾಗ ಮಾತ್ರ. ಯಾಕೆ ಬರಲಿಲ್ಲ ಅಂತ ಕೇಳಬೇಡ ಅಂದ್ಲು. ಕೂಸಿಗೆ ಹಲ್ಲು ಬಂತಂತೆ, ಕಣ್ಣು ಪೂರ್ತಿ ಹೋಗೋದ್ರೊಳಗೆ ಒಂದ್ಸಲ ತೋರಿಸು ಅಂತ ಹೇಳು ಅಂದ್ಲು."

"ಅಕ್ಕ ಇನ್ನೇನಂದ್ಲು?"

"ಇನ್ನೇನಿಲ್ಲ. ಉಪ್ಪು ಜಾಸ್ತಿ ಕೊಟ್ಟೆ ಅಂತ ಬೈದ್ಲು. ಇಷ್ಟು ಉಪ್ಪು ತಿಂದ್ರೆ ಯಾರ ಋಣ ತೀರಿಸ್ಲಿ ಅಂದ್ಲು."

ತಂಗಿ ನಕ್ಕಳು, ನಗುನಗುತ್ತಲೇ ಸೆರಗಿನಿಂದ ಮುಖ ಒರೆಸಿಕೊಂಡಳು. ಅಕ್ಕ ಇನ್ನೂ ಅಕ್ಕನೇ. ಉಪ್ಪಿನವಳು ಮೂಟೆ ಎತ್ತಿಕೊಳ್ಳುವಾಗ ತಂಗಿ ಕೇಳಿಯೇಬಿಟ್ಟಳು, "ಮೂಡಲ ಹಳ್ಳಿ ಎಷ್ಟು ದೂರ ಅವ್ವ?"

"ಮೂಟೆ ತುಂಬಿದ್ದಾಗ ಕೇಳ್ತಿದ್ದೀಯೋ, ಖಾಲಿಯಾದ್ಮೇಲೆ ಕೇಳ್ತಿದ್ದೀಯೋ?" ಎಂದು ಅವಳು ಹೊರಟುಹೋದಳು.

ಅಂದು ತಂಗಿ ಗುಡಿಗೆ ಹೋದಳು. ಕೂಸು ಸೊಂಟದಲ್ಲಿತ್ತು. ದೇವಿಯ ಮುಂದೆ ನಿಂತಳು, ನಿಂತೇ ಇದ್ದಳು. ಆ ದೇವಿಯ ಮೂರ್ತಿ ತೀರಾ ಹಳೆಯದು. ಮುಖ ಸವೆದಿತ್ತು, ಎಡಗೈ ಮೊಣಕೈಯಿಂದಾಚೆ ಮುರಿದಿತ್ತು. ಸೊಂಟ ಒಂದು ಬದಿಗೆ ವಾಲಿತ್ತು. ಕೆತ್ತಿದವನ ಕೈ ತಪ್ಪಿದೆ ಎಂದು ಕೆಲವರು, ಅಮ್ಮ ಕುಣಿಯುತ್ತಿದ್ದಾಳೆ ಎಂದು ಕೆಲವರು ಹೇಳುತ್ತಿದ್ದರು. ತಂಗಿ ಕೈಮುಗಿಯಲು ಹೋದಳು. ಕೂಸನ್ನು ಹಿಡಿದ ಎಡಗೈ ಬಿಡುವಂತಿರಲಿಲ್ಲ. ಒಂದೇ ಕೈಯಲ್ಲಿ ನಮಸ್ಕರಿಸುತ್ತ ತನ್ನ ಮೈಯನ್ನು ತಾನೇ ನೋಡಿಕೊಂಡಳು. ಅವಳ ಸೊಂಟವೂ ಅದೇ ಬದಿಗೆ, ಅಷ್ಟೇ ವಾಲಿತ್ತು.

"ಅಮ್ಮಾ, ನೀನೂ ಎತ್ತಿಕೊಂಡಿದ್ದೆಯಾ?" ಎಂದಳು.

ಆಮೇಲೆ ಅಲ್ಲೇ, ಪೂಜಾರಿಗೆ ಕೇಳುವ ಹಾಗೆ ಗಟ್ಟಿಯಾಗಿ ಹರಕೆ ಹೊತ್ತಳು: ಈ ವರ್ಷ ಮೂಡಲ ದಿಕ್ಕಿನ ಅಳತೆ, ಅಳತೆಗಾರ ನನ್ನ ಕೂಸನ್ನೂ ಬುತ್ತಿಗಂಟನ್ನೂ ನೀರಿನ ತಂಬಿಗೆಯನ್ನೂ ಹೊತ್ತು, ನಾನು ನಡೆಯುವ ದಾರಿಯಲ್ಲೇ ನಡೆದು ಅಳೆಯಲಿ.

ಅಳತೆಗಾರ ಒಳ್ಳೆಯವನು. ದೇವರೆಂದರೆ ಅವನಿಗೆ ಪ್ರಾಣ. ಆದರೆ ಈ ಮಾತು ಕೇಳಿ ಜಗಲಿಯ ಮೇಲೆ ಕುಸಿದು ಕೂತ. "ಏನು ಮಾಡ್ಬಿಟ್ಟೆ ಮಾರಾಯ್ತಿ! ಬರಿಗೈಲಿ ಅಳೆಯೋದು ನಮ್ಮಜ್ಜನ ಕಾಲದಿಂದ ಬಂದದ್ದು."

"ಹರಕೆ ಹೊತ್ತಾಯ್ತು. ಬೇಡ ಅಂತ ಅಮ್ಮಂಗೆ ನೀವೇ ಹೇಳಿ."

"ಅಮ್ಮಂಗೆ ನಾನು ಹೇಗೆ ಹೇಳ್ಲಿ?"

"ಮತ್ತೆ!"

ಕಟ್ಟೆಯ ಮೇಲೆ ಪಂಚಾಯಿತಿ ಸೇರಿತು. ಊರ ಯಜಮಾನ ತಲೆ ಕೆರೆದುಕೊಂಡ. ಹೊತ್ತರೆ ಕೈ ಬರಿದಾಗುವುದಿಲ್ಲ. ಹೊರದಿದ್ದರೆ ಹರಕೆ ತೀರುವುದಿಲ್ಲ. ಕೊನೆಗೆ ಹಲ್ಲಿಲ್ಲದ ಪೂಜಾರಿಯೇ ಬಾಯಿ ಬಿಟ್ಟ. "ಹೂವು ಹಿಡಿದು ಗುಡಿಗೆ ಬಂದೋನನ್ನ ಹೊರೆ ಹೊತ್ತೋನು ಅಂತೀರೇನ್ರಯ್ಯ? ದೇವರಿಗೆ ಅಂತ ಹಿಡಿದದ್ದು ಹೊರೆಯಲ್ಲ. ಹರಕೆಯ ಕೂಸು ಸೊಂಟದ ಮೇಲಿದ್ರೂ ಕೈ ಬರಿದೇ. ನಡೀಲಿ ಬಿಡಿ." ಎಲ್ಲರಿಗೂ ಸಮಾಧಾನವಾಯಿತು. ಯಾರ ನಂಬಿಕೆಗೂ ಪೆಟ್ಟಾಗಲಿಲ್ಲ. ದೇವಿ ಹೀಗೂ ಬಾಗಿಲು ತೆರೆಯುತ್ತಾಳೆ.

ಅಳತೆಯ ದಿನ ಬಂತು. ಕೈ ಬರಿದೋ, ಬರಿದು. ಹೆಗಲು ಬರಿದೋ, ಬರಿದು. ಅಷ್ಟು ಹೇಳುವಾಗಲೇ ಕೂಸು ಅವನ ಮೀಸೆ ಹಿಡಿದೆಳೆಯಿತು. ತಂಗಿ ಅವನ ತಲೆಯ ಮೇಲೆ ಗಂಟಿಟ್ಟು, ಸೊಂಟಕ್ಕೆ ಕೂಸನ್ನು ಸರಿಯಾಗಿ ಕೂರಿಸಿ, ಕೈಗೆ ನೀರಿನ ತಂಬಿಗೆ ಕೊಟ್ಟು, ಹಸಿದರೆ ಊಡಲು ಬಟ್ಟಲಲ್ಲಿ ಅಂಬಲಿ ಕಟ್ಟಿಕೊಟ್ಟಳು. ಅವನ ಮಡಿಲಲ್ಲಿ ಮೂರು ವೀಳ್ಯ. "ಒಂದು ಸಾಕು, ಉಳಿದೆರಡು ಶಾಸ್ತ್ರಕ್ಕೆ," ಎಂದು ನಕ್ಕು ಹೊರಟ. ಕಟ್ಟೆಯ ಮುಂದಿನಿಂದ ಹೋಗಲು ಕಾಲೆತ್ತಿದವನು ಹರಕೆ ನೆನಪಾಗಿ ಬೇಲಿಯ ಹಿಂದಕ್ಕೆ ತಿರುಗಿದ. ಕಟ್ಟೆಯ ಮೇಲಿದ್ದವರು ಕುತ್ತಿಗೆ ಉದ್ದಮಾಡಿ ನೋಡಿದರು. ಅಲ್ಲೊಂದು ದಾರಿಯಿದೆ ಎಂದು ಅವರಲ್ಲಿ ಎಷ್ಟೋ ಜನಕ್ಕೆ ಅಂದೇ ಗೊತ್ತಾದದ್ದು.

ತಂಗಿ ಬಾಗಿಲಲ್ಲಿ ಕೂತಳು. ಬಿಸಿಲು ಅಂಗಳ ದಾಟಿತು. ಬಿಸಿಲು ಗೋಡೆ ಹತ್ತಿತು. ಅವಳ ಎದೆ ಕೂಸಿಗಾಗಿ ಬಿಗಿಯಿತು, ಕಣ್ಣು ಅಕ್ಕನಿಗಾಗಿ ನೀರಾಡಿತು. ಮುಟ್ಟಿದನೋ ಇಲ್ಲವೋ, ಅಕ್ಕ ಬಾಗಿಲಿಗೆ ಬಂದಳೋ ಇಲ್ಲವೋ. ಅವನು ಒಂದೇ ವೀಳ್ಯದಲ್ಲಿ ಮುಟ್ಟಿ ಬಂದರೆ ತನ್ನ ಕಾಲೇ ಸುಳ್ಳು, ಇನ್ನು ಅಕ್ಕನನ್ನು ಕಾಣುವ ದಾರಿಯಿಲ್ಲ. ಒಲೆ ಹಚ್ಚುವ ಹೊತ್ತಾಯಿತು; ಎದ್ದು ಹಚ್ಚಿದಳು. ಗುಡಿಯಲ್ಲಿ ದೀಪ ಕಂಡಿತು. ಆಗ ಬಂದ ಅಳತೆಗಾರ. ಕೂಸು ಅವನ ಹೆಗಲ ಮೇಲೆ ನಿದ್ದೆ ಹೋಗಿತ್ತು. ಪಂಚೆಯ ತುಂಬ ಅಂಬಲಿ, ಇನ್ನೂ ಏನೇನೋ.

"ಮುಟ್ಟಿದ್ರಾ?" ತಂಗಿಯ ದನಿ ಅವಳಿಗೇ ಕೇಳಿಸಲಿಲ್ಲ.

ಅವನು ಕೂಸನ್ನು ಇಳಿಸಿಕೊಟ್ಟು ಸೊಂಟ ಹಿಡಿದು ಕೂತ. "ಹೋದ ಸಲದ ಅಳತೇಲಿ ಇದೇ ಹಳ್ಳಿಗೆ ಬರಿಗೈಲಿ ಹೋಗಿದ್ದೆ. ಎಲೆ ರಸ ಇನ್ನೂ ಬಾಯಲ್ಲಿತ್ತು, ಗಡಿಕಲ್ಲು ಮುಟ್ಟಿದ್ದೆ. ಸುಳ್ಳಲ್ಲ ಕಣೇ. ಇವತ್ತು... ನೆಲವನ್ನ ಯಾರೋ ಮಡಿಚಿಟ್ಟಿದ್ರು ಅನ್ನಿಸ್ತು. ಒಂದು ಹೆಜ್ಜೆ ಇಟ್ರೆ ಒಂದು ಮಡಿಕೆ ಬಿಚ್ಕೊಳ್ತಿತ್ತು. ಸೀರೆ ಬಿಚ್ಚಿದ ಹಾಗೆ, ಬಿಚ್ತಾನೇ ಇತ್ತು. ಕೆರೆ ಏರಿ ಮೇಲೆ ಮೊದಲ್ನೇ ವೀಳ್ಯ ಮುಗೀತು. ಕಣದ ಹತ್ರ ಎರಡ್ನೇದು. ಇವನು ಅತ್ತ, ಕೂರಿಸಿದೆ, ಊಡಿದೆ, ತೊಳೆದೆ. ಗಂಟು ಎತ್ತಿಕೊಡೋಕೆ ಯಾರೂ ಇರ್ಲಿಲ್ಲ. ದಿಣ್ಣೆ ಮೇಲೆ ಮೂರ್ನೇದೂ ಮುಗೀತು. ಕೆಳಗೆ ಕಣಿವೆ. ಹೊಗೆ ಕಾಣ್ತಿತ್ತು."

"ಒಂದೆಳೆ," ಎಂದಳು ತಂಗಿ.

"ನಿಂಗೆ ಹೇಗೆ ಗೊತ್ತು? ನೀನು ಹೋಗಿ ಬರ್ತಿದ್ದವಳು..." ಎಂದವನು ಅವಳ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದ. "ನಾನು ಮುಟ್ಟಲಿಲ್ಲ. ಆ ಹಳ್ಳಿ ನಾವು ಬರೆದ ಜಾಗದಲ್ಲಿ ಇಲ್ಲ. ಗೋಡೆ ತಪ್ಪಿದೆ," ಎಂದ.

ತಂಗಿ ಅವನನ್ನೇ ನೋಡಿದಳು. ಎಷ್ಟೋ ಸಲ ಅವಳು ಅದೇ ದಿಣ್ಣೆಯಿಂದ ಹಿಂದಿರುಗಿದ್ದಳು, ಪ್ರತಿ ಸಲವೂ ತನ್ನ ಕಾಲನ್ನು ಬೈದುಕೊಂಡಿದ್ದಳು. ಅವನಿಗೆ ಒಂದೇ ದಿನ ಸಾಕಾಯಿತು. ಅವನು ತನ್ನ ಕಾಲನ್ನು ಬೈಯಲೇ ಇಲ್ಲ. ಅವಳಿಗೆ ನಗುವೂ ಬಂತು, ಅಳುವೂ ಬಂತು. ಯಾವುದನ್ನೂ ಮಾಡದೆ ಅವನಿಗೆ ಬಿಸಿನೀರು ಕಾಯಿಸಿದಳು.

ಬೆಳಗ್ಗೆ ಅವನು ಗುಡಿಗೆ ಹೋಗಿ ಮೂಡಲ ಹಳ್ಳಿಯ ಚುಕ್ಕಿಯನ್ನು ಒದ್ದೆ ಬಟ್ಟೆಯಿಂದ ಅಳಿಸಿದ. ಹೊಸ ಚುಕ್ಕಿ ಇಡಲು ಗೋಡೆಯಲ್ಲಿ ಜಾಗವೇ ಸಾಲಲಿಲ್ಲ. ಕೆಮ್ಮಣ್ಣಿನ ಗೆರೆಯನ್ನು ಮೂಲೆಯವರೆಗೆ ಎಳೆದು, ಅಲ್ಲಿಂದ ಪಕ್ಕದ ಗೋಡೆಗೂ ತಿರುಗಿಸಿ, ಕೊನೆಯನ್ನು ಹಾಗೇ ಬಿಟ್ಟ. "ಮೂರು ವೀಳ್ಯ ದಾಟಿದೆ. ಆಚೆ ಎಷ್ಟೋ, ಅಮ್ಮನೇ ಬಲ್ಲಳು," ಎಂದು ಕೂಗಿ ಹೇಳಿದ.

ಊರಲ್ಲಿ ಗದ್ದಲವೋ ಗದ್ದಲ. "ಹತ್ತಿರ ಇದ್ದ ಹಳ್ಳೀನ ದೂರ ತಳ್ಳಿಬಿಟ್ಟನಲ್ಲಯ್ಯ!" ಎಂದು ಯಜಮಾನ ಎದೆ ಬಡಿದುಕೊಂಡ. ಕಟ್ಟೆಯ ಮೇಲಿದ್ದ ಇನ್ನೊಬ್ಬ ಮಂಡಿ ತಿಕ್ಕಿಕೊಳ್ಳುತ್ತ, "ನಿನ್ನೆ ತನಕ ಚೆನ್ನಾಗಿದ್ದ ಮಂಡಿ, ಇವನು ಅಳೆದ ಮೇಲೆ ಹಿಡ್ಕೊಂಡಿದೆ. ಊರು ಬೆಳೆದ್ರೆ ನಡೆಯೋರು ಯಾರು?" ಎಂದ. ಕೆರೆಯ ಮೆಟ್ಟಿಲಲ್ಲಿ ಮಾತ್ರ ಸದ್ದೇ ಇರಲಿಲ್ಲ. ಹೆಂಗಸರು ಕೈಯಲ್ಲಿ ಬಟ್ಟೆ ಹಿಡಿದು ಹಾಗೇ ಕೂತಿದ್ದರು. ಕೊನೆಗೆ ಒಬ್ಬಳು, "ನಾನು ಪಡುವಲ ಹಳ್ಳಿ ಮುಟ್ಟಿಲ್ಲ," ಎಂದಳು. ಇನ್ನೊಬ್ಬಳು, "ನಾನೂ ತೆಂಕಲ ಮುಟ್ಟಿಲ್ಲ," ಎಂದಳು. ಆಮೇಲೆ ಯಾರೂ ಯಾರನ್ನೂ ನೋಡದೆ, ಮೆತ್ತಗೆ, ಬಡಿಯದೆ, ಬಟ್ಟೆ ಹಿಂಡಿಕೊಂಡು ಮನೆಗೆ ಹೋದರು.

ತಂಗಿ ಗಂಟು ಕಟ್ಟುತ್ತಿದ್ದಳು. ಈಗ ಅತ್ತೆ ಬಾಗಿಲಿಗೆ ಅಡ್ಡ ನಿಂತಳು.

"ಎಲ್ಲಿಗೆ?"

"ಅಕ್ಕನ ಹತ್ರ."

"ಮೂರು ವೀಳ್ಯ ದಾಟಿದ ದೂರ! ಹೆಣ್ಣು ಹೆಂಗಸು, ಕೂಸು ಎತ್ಕೊಂಡು ಒಬ್ಬಳೇ ಅಷ್ಟು ದೂರ ಹೋಗೋದುಂಟಾ?"

ತಂಗಿಯ ಕೈಯಿಂದ ಗಂಟು ಜಾರಿತು. ನಿನ್ನೆಯವರೆಗೆ ಹತ್ತಿರವೆಂದು ಹೋಗಲಾಗಲಿಲ್ಲ, ಇಂದು ದೂರವೆಂದು ಹೋಗಬಾರದು. ಅವಳಿಗೆ ಸಿಟ್ಟು ಬರಲಿಲ್ಲ. ಸಿಟ್ಟಿಗಿಂತ ಆಳದಿಂದ ಒಂದು ಮಾತು ಬಂತು. "ಅತ್ತೆ, ನಿಮ್ಮ ತಾಯಿಮನೆ ಎಷ್ಟು ದೂರ?"

"ಕೂಗಳತೆ," ಎಂದಳು ಅತ್ತೆ, ಗೋಡೆಯ ಮೇಲಿನದ್ದನ್ನು ಓದುವವಳ ಹಾಗೆ.

"ಎಷ್ಟು ಸಲ ಹೋಗಿದ್ರಿ?"

ಅತ್ತೆ ಹೊಸಿಲ ಮೇಲೆ ಮೆಲ್ಲಗೆ ಕೂತಳು. "ಮದುವೆಯಾದ ಹೊಸದ್ರಲ್ಲಿ," ಎಂದು ಕೊನೆಗೆ ಶುರುಮಾಡಿದಳು, "ಹಿತ್ತಲಿಗೆ ಹೋಗಿ ನಿಂತು ಅವ್ವಾ ಅಂತ ಕೂಗ್ತಿದ್ದೆ. ಕೂಗಳತೆ ಅಲ್ವಾ, ಕೇಳಿಸುತ್ತೆ ಅಂತ. ಯಾರೂ ಓಗೊಡ್ಲಿಲ್ಲ. ದಿನಾ ಕೂಗ್ದೆ. ಗಂಡಸು ದಿಣ್ಣೆ ಮೇಲೆ ನಿಂತು ಕೂಗಿದ ಕೂಗು ಅದು ಅಂತ ನಂಗೆ ಹೊಳೀಲಿಲ್ಲ ನೋಡು. ನನ್ನ ದನಿಯೇ ಸಣ್ಣದು ಅಂದ್ಕೊಂಡೆ. ಆಮೇಲೆ ಕೂಗೋದು ಬಿಟ್ಟೆ."

ತಂಗಿ ಅವಳ ಕಾಲ ಬಳಿ ಕೂತಳು. ಅತ್ತೆಯ ಕಣ್ಣು ಒಣಗಿಯೇ ಇತ್ತು. ಸೊಸೆಯ ಗಂಟನ್ನು ತಾನೇ ಹತ್ತಿರಕ್ಕೆಳೆದು ಮತ್ತೆ ಬಿಗಿಯಾಗಿ ಕಟ್ಟಿದಳು.

"ಹೋಗು. ಒಲೆ ನಾನು ಹಚ್ತೀನಿ. ದೇವಿ ಕತ್ತಲಲ್ಲಿ ಕೂರಲ್ಲ."

"ನೀವು ಒಬ್ಬರೇ..."

"ನಾನು ಒಲೆ ಹಚ್ಚದವಳಾ? ಹೋಗು ಅಂದ್ರೆ ಹೋಗು. ಮುಂದಿನ ಸಲ ನನ್ನ ಹಳ್ಳಿ ದಿಕ್ಕಿನ ಅಳತೆ. ಆಗ ನಾನೂ ಹರಕೆ ಹೊರ್ತೀನಿ, ನನ್ನನ್ನೇ ಹೊತ್ಕೊಂಡು ನಡೀಲಿ ನನ್ನ ಮಗ. ನೋಡೋಣ, ಕೂಗಳತೆ ಎಷ್ಟು ಉದ್ದ ಇದೆ ಅಂತ."

ತಂಗಿ ಹೊರಟಳು. ಬೇಲಿ, ಏರಿ, ಕಣ, ದಿಣ್ಣೆ. ಕೂಸು ಅತ್ತಾಗ ಕೂತಳು, ಓಡದೆ ಕೂತಳು. ದಿಣ್ಣೆಯ ಮೇಲೆ ನೆರಳು ಉದ್ದವಾಯಿತು. ಆಗಲಿ ಎಂದು ಬಿಟ್ಟಳು. ತನ್ನ ಪಾದದ ಕೆಳಗೆ ನೆಲ ಒಂದೊಂದೇ ಮಡಿಕೆ ಬಿಚ್ಚಿಕೊಳ್ಳುವುದು ಈ ಸಲ ಅವಳಿಗೂ ಗೊತ್ತಾಯಿತು. ಇಷ್ಟೊಂದು ಇದ್ದೀಯಾ ತಾಯೀ, ಎಂದು ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ಮೊದಲ ಬಾರಿಗೆ ಕಣಿವೆಗೆ ಇಳಿದಳು.

ಮೂಡಲ ಹಳ್ಳಿ ಮುಟ್ಟುವಾಗ ಬೆಳಕು ಆರುತ್ತಿತ್ತು. ಕೊನೆಯ ಮನೆಯ ಬಾಗಿಲಲ್ಲಿ ಒಬ್ಬಳು ಬಾಗಿಲವಾಡ ಹಿಡಿದು ಕೂತಿದ್ದಳು.

"ಯಾರದು?"

"ನಾನು."

"ನಾನು ಅಂದ್ರೆ ಯಾರು? ಬರೋರೆಲ್ಲ ನಾನು ಅಂತಲೇ ಬರ್ತಾರೆ."

"ಅಕ್ಕಾ."

ಅಕ್ಕ ಎದ್ದಳು. ಅವಳ ಕೈಗಳು ಗಾಳಿಯಲ್ಲಿ ತಡಕಾಡಿ, ಮೊದಲು ತಂಗಿಯ ತಲೆಯ ಮೇಲಿನ ಗಂಟನ್ನು ಹುಡುಕಿ ಇಳಿಸಿದವು. ಆಮೇಲೆ ಕೂಸಿನ ಕಾಲು ಸಿಕ್ಕಿತು, ಅದನ್ನು ಹಿಡಿದು ನಿಂತುಬಿಟ್ಟಳು.

"ಕತ್ತಲಾಗಿಹೋಯ್ತಲ್ಲೇ. ನಂಗೀಗ ಗೋಡೆ ಯಾವ್ದು ಬಾಗಿಲು ಯಾವ್ದು ಕಾಣ್ಸಲ್ಲ. ಅಷ್ಟು ದೂರದಿಂದ ಬಂದೆ, ನೋಡೋಕೇ ಆಗ್ಲಿಲ್ಲ. ಹೊರಡು, ಹೊರಡು, ನಿನ್ನ ಒಲೆ..."

"ಒಲೆ ಹತ್ತಿದೆ ಅಕ್ಕ. ಅತ್ತೆ ಹಚ್ಚಿದ್ದಾರೆ."

ಅಕ್ಕನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. "ಹಂಗಾದ್ರೆ ಇರ್ತೀಯಾ?" ಎಂದು ಕೇಳಿದಳು, ಹೌದೆಂದರೆ ಎಲ್ಲಿ ಸುಳ್ಳಾಗುತ್ತದೋ ಎಂಬಂತೆ.

"ಬೆಳಗಾಗೋ ತನಕ ಇರ್ತೀನಿ."

ಬೆಳಗಾಯಿತು. ಸೂರ್ಯ ಏಳುವುದಕ್ಕೆ ಮುಂಚೆಯೇ ಅಕ್ಕ ಹೊಸಿಲಲ್ಲಿ ಪೂರ್ವಕ್ಕೆ ಮುಖಮಾಡಿ ಕೂತಿದ್ದಳು. ಎಳೆ ಬಿಸಿಲು ಅಂಗಳಕ್ಕೆ ಇಳಿಯುತ್ತಲೇ ತಂಗಿ ಕೂಸನ್ನು ತಂದು ಅವಳ ಮಡಿಲಲ್ಲಿಟ್ಟು, "ನೋಡಕ್ಕ, ಹಲ್ಲು," ಎಂದಳು.

ಅಕ್ಕ ಕೂಸನ್ನು ಎದೆಗೊತ್ತಿಕೊಂಡಳು, ಆದರೆ ಅದರ ಕಡೆ ನೋಡಲಿಲ್ಲ. "ಇವನನ್ನ ಆಮೇಲೆ ನೋಡ್ತೀನಿ, ಇರು. ನೀನು ಬಾ ಇಲ್ಲಿ. ಬಿಸಿಲಿಗೆ ತಿರುಗು."

ತಂಗಿ ಅವಳ ಮುಂದೆ ಮಂಡಿಯೂರಿ ಕೂತಳು. ಅಕ್ಕ ಅವಳ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿ, ಮಂಜು ಕಣ್ಣುಗಳನ್ನು ಕಿರಿದು ಮಾಡಿ, ಹಣೆಯನ್ನೂ ಕೆನ್ನೆಯನ್ನೂ ಒಂದೊಂದಾಗಿ ನೋಡಿದಳು. ಬಿಸಿಲು ಏರುತ್ತ ಹೋಯಿತು. ಅವಳು ಕೈ ಬಿಡಲಿಲ್ಲ.

"ಎಷ್ಟು ದೊಡ್ಡೋಳಾಗಿದ್ದೀಯೇ," ಎಂದಳು.